ಬೆಳವನ ಹಕ್ಕಿಯ ಬೆನ್ನು ಹತ್ತಿ

ಬಾಗಲಕೋಟೆ ಜಿಲ್ಲೆಗೆ ಬರುವ ಪ್ರವಾಸಿಗರಲ್ಲಿ ಹೆಚ್ಚಿನವರು ಬಾದಾಮಿಯ ಮೇಣಬಸದಿ ಹತ್ತಿಳಿದು, ಪಟ್ಟದಕಲ್ಲು, ಐಹೊಳೆ ಮುಗಿಸಿ, ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಂಡು, ಇಳಕಲ್‌ನಲ್ಲಿ ಸೀರೆ ಕೊಂಡು ಮರಳುತ್ತಾರೆ. ಹಾದಿಯುದ್ದಕ್ಕೂ ವಿದ್ಯುತ್ ತಂತಿಯ ಮೇಲೆ, ಬೇವಿನ ಒಣಟೊಂಗೆಯ ಮೇಲೆ, ಕಣದ ಅಂಚಿನಲ್ಲಿ ಕೂತ ಬೂದು ಮಿಶ್ರಿತ ಕಂದು ಹಕ್ಕಿಯತ್ತ ಯಾರೂ ಕತ್ತು ತಿರುಗಿಸುವುದಿಲ್ಲ. ಅದು ಬೆಳವನ ಹಕ್ಕಿ. ಇದೇ ಹಕ್ಕಿಯನ್ನು ಹುಡುಕಿಕೊಂಡು, ಸುಗ್ಗಿಗೆ ಮುಂಚೆಯೇ ಬಲೆ ಹೊಲಿದು, ಉರುಲು ಹೊಸೆದು, ಹಳ್ಳದ ದಂಡೆಗಳನ್ನು ನೋಡಿ ಬರುತ್ತಿದ್ದ ಕಾಲವೊಂದಿತ್ತು. ಇಂದು ಬೇಟೆಗೆ ಕಾನೂನಿನ ಬೇಲಿಯಿದೆ. ಆದರೆ ಹಕ್ಕಿ ಎಲ್ಲಿ ಸಿಕ್ಕೀತು ಎಂಬ ಹಳೆಯ ಬೇಟೆಗಾರನ ಲೆಕ್ಕಾಚಾರ ಸುಳ್ಳಾಗಿಲ್ಲ. ದುರ್ಬೀನು ಹಿಡಿದು ಹೋಗುವವರಿಗೂ ಅದೇ ದಾರಿದೀಪ.

ನಾಲ್ಕು ಬಗೆಯ ಬೆಳವಗಳು

ಈ ಸೀಮೆಯಲ್ಲಿ ಮುಖ್ಯವಾಗಿ ನಾಲ್ಕು ಬಗೆಯ ಬೆಳವಗಳು ಕಾಣುತ್ತವೆ. ಎಲ್ಲಕ್ಕಿಂತ ಬಳಕೆಯದು ಕಂದು ಬೆಳವ. ಗುಬ್ಬಚ್ಚಿಯ ಹಾಗೆ ಮನೆಯ ಅಂಗಳಕ್ಕೂ ಬರುತ್ತದೆ. ಕೊರಳಿನ ಬದಿಯಲ್ಲಿ ಕಪ್ಪು ಚುಕ್ಕೆಗಳ ಪಟ್ಟಿ, ಮೆಲುದನಿಯ ನಗುವಿನಂಥ ಕೂಗು. ಇದಕ್ಕಿಂತ ದೊಡ್ಡದು, ಮಾಸಲು ಬೂದು ಬಣ್ಣದ್ದು, ಕುತ್ತಿಗೆಯ ಹಿಂದೆ ಕಪ್ಪು ಅರೆಬಳೆ ತೊಟ್ಟದ್ದು ಬೂದು ಬೆಳವ. ಬಯಲಿನ ಜಾಲಿಮರದ ತುದಿಯಲ್ಲಿ ಕೂತು ಮೂರು ತುಂಡಾಗಿ ಕೂಗುತ್ತದೆ. ಮೂರನೆಯದು ಚುಕ್ಕೆ ಬೆಳವ. ಕಪ್ಪು ಕುತ್ತಿಗೆಯ ಮೇಲೆ ಎಳ್ಳು ಚೆಲ್ಲಿದಂತೆ ಬಿಳಿಚುಕ್ಕೆ. ತೋಟ, ನೆರಳು ಇದ್ದಲ್ಲಿ ಇದರ ವಾಸ. ಕೊನೆಯದು ಕೆಂಪು ಬೆಳವ. ಗಾತ್ರದಲ್ಲಿ ಎಲ್ಲಕ್ಕಿಂತ ಚಿಕ್ಕದು. ಗಂಡಿನ ಮೈ ಇಟ್ಟಿಗೆ ಕೆಂಪು, ತಲೆ ಬೂದು. ಹೆಣ್ಣು ಮಾತ್ರ ಬೂದು ಬೆಳವದ ತಂಗಿಯಂತಿದ್ದು ಹೊಸಬರನ್ನು ಮೋಸಗೊಳಿಸುತ್ತದೆ.

ಬಾದಾಮಿಯ ಬಂಡೆಗಳ ಸಂದಿಯಲ್ಲಿ ಗುಂಪುಗಟ್ಟಿ ಹಾರುವುದು ಬೆಳವವಲ್ಲ, ಪಾರಿವಾಳ. ಕುಲ ಒಂದೇ, ಮನೆ ಬೇರೆ. ಪಾರಿವಾಳಕ್ಕೆ ಕಲ್ಲಿನ ಮಾಡ ಬೇಕು. ಬೆಳವಕ್ಕೆ ಮುಳ್ಳಿನ ಕಂಟಿ ಸಾಕು.

ನೀರು, ಕಾಳು, ಹರಳು

ಬೇಟೆಗಾರ ಜಾಗ ಹುಡುಕುವಾಗ ಕೇಳುತ್ತಿದ್ದದ್ದು ಮೂರೇ ಪ್ರಶ್ನೆ: ನೀರೆಲ್ಲಿ, ಕಾಳೆಲ್ಲಿ, ಹರಳೆಲ್ಲಿ? ಈ ಮೂರಕ್ಕೂ ಹಕ್ಕಿಯ ಒಡಲಿನಲ್ಲಿ ಕಾರಣಗಳಿವೆ.

ಬೆಳವದ ಊಟ ಬಹುತೇಕ ಒಣ ಬೀಜ. ಹುಳುಹುಪ್ಪಟೆ ತಿನ್ನುವ ಹಕ್ಕಿಗೆ ಆಹಾರದಲ್ಲಿಯೇ ನೀರಿನಂಶ ಸಿಗುತ್ತದೆ. ಬೀಜ ತಿನ್ನುವ ಹಕ್ಕಿ ದಿನವೂ ನೀರಿಗೆ ಬರಲೇಬೇಕು. ಕೋಳಿ ನೀರು ಕುಡಿಯುವುದನ್ನು ನೋಡಿದವರಿಗೆ ಗೊತ್ತು: ಗುಟುಕು ತುಂಬಿಕೊಂಡು ತಲೆ ಮೇಲೆತ್ತಿ ನುಂಗುತ್ತದೆ. ಪಾರಿವಾಳ ಕುಲದ ಹಕ್ಕಿಗಳು ಹಾಗಲ್ಲ. ಕೊಕ್ಕನ್ನು ನೀರಿಗಿಟ್ಟು ದನದ ಹಾಗೆ ಒಂದೇ ಸಮನೆ ಹೀರುತ್ತವೆ. ಶತ್ರುವಿನ ಭಯವಿರುವ ದಂಡೆಯಲ್ಲಿ ಹೆಚ್ಚು ಹೊತ್ತು ನಿಲ್ಲದೆ ಕೆಲಸ ಮುಗಿಸಲು ಇದು ಅನುಕೂಲ. ಅದೇ ಭಯದಿಂದ ಆಪಿನ ಹುಲ್ಲು ಬೆಳೆದ ದಂಡೆ ಅವಕ್ಕೆ ಬೇಡ. ಇಳಿಜಾರಾದ, ಬೋಳಾದ, ನಾಲ್ಕೂ ದಿಕ್ಕು ಕಾಣುವ ದಂಡೆ ಬೇಕು. ಒಂದು ಕೆರೆಗೆ ನಾಲ್ಕು ದಂಡೆಗಳಿದ್ದರೆ ಬೆಳವಗಳು ಇಳಿಯುವುದು ಇಂಥ ದಂಡೆಗೇ.

ಇನ್ನು ಕಾಳು. ಗಿಳಿ, ಗುಬ್ಬಿಗಳಂತೆ ಬೆಳವ ತೆನೆಗೆ ಜೋತು ಬೀಳುವುದು ಅಪರೂಪ. ಅದು ನೆಲದ ಮೇಲೆ ನಡೆದು ಉದುರಿದ್ದನ್ನು ಹೆಕ್ಕುವ ಹಕ್ಕಿ. ರೈತ ಅಟ್ಟದ ಮೇಲೆ ನಿಂತು ಕವಣೆ ಬೀಸುವುದು ಹೆಚ್ಚಾಗಿ ಬೇರೆ ಹಕ್ಕಿಗಳಿಗಾಗಿ. ಬೆಳವದ ಪಾಲು ರಾಶಿ ಮುಗಿದ ಮೇಲಿನ ಉದುರು ಕಾಳು ಮತ್ತು ಕಳೆಯ ಬೀಜ. ನುಂಗಿದ ಕಾಳು ಅರೆಯಲು ಹಲ್ಲಿಲ್ಲವಾದ್ದರಿಂದ ಸಣ್ಣ ಹರಳನ್ನೂ ನುಂಗುತ್ತದೆ. ಆ ಹರಳು ಹೊಟ್ಟೆಯೊಳಗೆ ಬೀಸುಕಲ್ಲಿನ ಕೆಲಸ ಮಾಡುತ್ತದೆ. ಬೆಳಗಿನ ಹೊತ್ತು ಮೊರಮಿನ ಗಾಡಿದಾರಿಯಲ್ಲಿ ಬೆಳವಗಳು ಓಡಾಡುವುದು ಇದಕ್ಕಾಗಿ.

ಬಾದಾಮಿಯಿಂದ ಇಳಕಲ್‌ವರೆಗೆ

ಮೂರು ಪ್ರಶ್ನೆಗಳನ್ನು ನೆನಪಿನಲ್ಲಿಟ್ಟುಕೊಂಡು ಹೊರಟರೆ ಈ ಸೀಮೆಯ ನಕ್ಷೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಬಾದಾಮಿಯದು ಮರಳುಗಲ್ಲಿನ ನಾಡು. ಕೆಂಪು ಬಂಡೆ, ತೆಳುವಾದ ಮಸಾರಿ ನೆಲ, ಅಲ್ಲಲ್ಲಿ ಸಜ್ಜೆ, ಹೆಸರು, ಶೇಂಗಾ. ಮಂಗಳೇಶ ಬರೆಯಿಸಿದ, ಕ್ರಿ.ಶ. 578ರ ಶಾಸನವಿರುವ ಮೂರನೆಯ ಗುಹೆಯ ಮುಂದೆ ನಿಂತರೆ ಕೆಳಗೆ ಅಗಸ್ತ್ಯತೀರ್ಥದ ನೀರು ಕಾಣುತ್ತದೆ. ಅಲ್ಲಿ ಜನರ ಗದ್ದಲ ಹೆಚ್ಚು. ಊರು ದಾಟಿ ಗುಡ್ಡದ ಹಿಂಬದಿಯ ಹಳ್ಳಗಳತ್ತ, ಮಲಪ್ರಭೆಯ ಬಯಲಿನತ್ತ ಹೋದರೆ ಹಕ್ಕಿ ನಿರಾತಂಕವಾಗಿ ಸಿಗುತ್ತದೆ. ಸಜ್ಜೆ ಕೊಯ್ಲಿನ ಸೆಪ್ಟೆಂಬರ್, ಅಕ್ಟೋಬರ್ ಇಲ್ಲಿ ಒಳ್ಳೆಯ ಕಾಲ.

ಗುಳೇದಗುಡ್ಡ, ಕಮತಗಿ, ಅಮೀನಗಡದ ಮೇಲೆ ಹುನಗುಂದದತ್ತ ಸಾಗಿದಂತೆ ನೆಲದ ಬಣ್ಣ ಬದಲಾಗುತ್ತದೆ. ಕೆಂಪು ಹಿಂದೆ ಸರಿದು ಎರೆ ಹರಡುತ್ತದೆ. ಹೊಲಕ್ಕೆ ಒಡ್ಡು ಹಾಕಿ ಮಳೆನೀರನ್ನು ಅಲ್ಲಲ್ಲೇ ಇಂಗಿಸುವ ಒಣಬೇಸಾಯಕ್ಕೆ ಹುನಗುಂದದ ರೈತರು ಹೆಸರಾದವರು. ಹಿಂಗಾರಿಯಲ್ಲಿ ಬಿಳಿಜೋಳ, ಕಡಲೆ, ಕುಸುಬೆ. ಎಳ್ಳ ಅಮಾವಾಸ್ಯೆಯ ದಿನ ಹೊಲದಲ್ಲಿ ಚರಗ ಚೆಲ್ಲುವಾಗ ಭೂತಾಯಿಗೆ ಸಂದದ್ದರಲ್ಲಿ ಒಂದಿಷ್ಟು ಹಕ್ಕಿಗಳಿಗೂ ಸಲ್ಲುತ್ತದೆ. ಫೆಬ್ರುವರಿ, ಮಾರ್ಚ್‌ನಲ್ಲಿ ಜೋಳ, ಕುಸುಬೆಯ ರಾಶಿ ನಡೆಯುವಾಗ ಬೆಳವಗಳು ಹಿಂಡಾಗಿ ಇಳಿಯುತ್ತವೆ. ಒಡ್ಡಿನ ಮೇಲಿನ ಬೇವು, ಜಾಲಿ ಅವುಗಳ ಮಧ್ಯಾಹ್ನದ ಬಿಡಾರ. ಮರವನ್ನು ಕಡಿದು ಒಡ್ಡನ್ನು ಬೋಳು ಮಾಡಿದ ಹೊಲಕ್ಕೂ ಮರ ಉಳಿಸಿಕೊಂಡ ಹೊಲಕ್ಕೂ ಹಕ್ಕಿಯ ಲೆಕ್ಕದಲ್ಲಿ ಎದ್ದು ಕಾಣುವ ಅಂತರವಿರುತ್ತದೆ.

ಹುನಗುಂದದಿಂದ ದಕ್ಷಿಣಕ್ಕೆ ಹೆದ್ದಾರಿಯಲ್ಲಿ ಸುಮಾರು 15 ಕಿ.ಮೀ. ಹೋದರೆ ಇಳಕಲ್. ಸೀರೆಯಷ್ಟೇ ಅಲ್ಲ, ಕೆಂಪು ಗ್ರಾನೈಟ್ ಕೂಡ ಈ ಊರಿನ ಹೆಸರು ದೂರ ಒಯ್ದಿದೆ. ಕಲ್ಲು ತೆಗೆದು ಬಿಟ್ಟ ಗುಂಡಿಗಳಲ್ಲಿ ಮಳೆನೀರು ನಿಲ್ಲುತ್ತದೆ. ಗೋಡೆಯಂತೆ ನೆಟ್ಟಗೆ ಕಡಿದ ಗುಂಡಿ ಹಕ್ಕಿಗೆ ಪ್ರಯೋಜನವಿಲ್ಲ. ಒಂದು ಬದಿ ಇಳಿಜಾರಾಗಿದ್ದರೆ ಅದೇ ಒಳ್ಳೆಯ ನೀರಿನ ತಾಣ. ಸುತ್ತ ಹರಳಿಗಂತೂ ಬರವಿಲ್ಲ.

ಬಾಗಲಕೋಟೆಯ ಸುತ್ತ ಆಲಮಟ್ಟಿ ಹಿನ್ನೀರು ಘಟಪ್ರಭೆಯ ಪಾತ್ರವನ್ನು ಹಿಗ್ಗಿಸಿದ ಮೇಲೆ ನೀರಿನ ಹಕ್ಕಿಗಳ ನೋಟಕ್ಕೆ ಜನ ಬರುತ್ತಾರೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದು ಬೋಳು ದಡ ತೆರೆದಾಗ ಬೆಳವಗಳೂ ಅಲ್ಲಿಗೆ ಇಳಿಯುತ್ತವೆ. ಆದರೆ ಹಿನ್ನೀರಿಗೆ ಹೋದ ಫಲವತ್ತಾದ ಹೊಲಗಳ ಕಾಳು ಮರಳಿ ಬಂದಿಲ್ಲ. ನೀರು ಹೆಚ್ಚಿದ ಮಾತ್ರಕ್ಕೆ ಹಕ್ಕಿ ಹೆಚ್ಚದು. ಮೂರರಲ್ಲಿ ಒಂದು ಕಡಿಮೆಯಾದರೂ ಲೆಕ್ಕ ತಪ್ಪುತ್ತದೆ.

ಬೇಟೆಯ ನಾಡು, ಕಾನೂನಿನ ನಾಡು

ಬೇಟೆ ಈ ನೆಲಕ್ಕೆ ಹೊಸದಲ್ಲ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆಯಿಸಿದ ‘ಮಾನಸೋಲ್ಲಾಸ’ದಲ್ಲಿ ಮೃಗಯೆಗೂ ಗಿಡುಗದ ಬೇಟೆಗೂ ಬೇರೆ ಬೇರೆ ಭಾಗಗಳಿವೆ. ಬೇರೆ ಪ್ರಾಣಿಗಳನ್ನು ಸೆಳೆಯಲು ಪಳಗಿಸಿದ ಮಿಗಕ್ಕೆ ಹಳಗನ್ನಡದಲ್ಲಿ ‘ದೀಹ’ ಎಂಬ ಮಾತೇ ಇದೆ. ಮುಧೋಳದ ನಾಯಿಯ ಹೆಸರು ದೇಶವೆಲ್ಲ ಬಲ್ಲದು. ಅದೇ ಮುಧೋಳ ತಾಲ್ಲೂಕಿನ ಹಲಗಲಿಯ ಬೇಡರು, 1857ರಲ್ಲಿ ಆಯುಧ ಒಪ್ಪಿಸಬೇಕೆಂಬ ಬ್ರಿಟಿಷರ ಆಜ್ಞೆಯನ್ನು ಧಿಕ್ಕರಿಸಿ ನಿಂತರು. ನವೆಂಬರಿನಲ್ಲಿ ದಂಡು ಬಂದು ಊರಿಗೆ ಬೆಂಕಿ ಬಿತ್ತು. ಜಡಗ, ಬಾಲ ಮೊದಲಾದ ಮುಂದಾಳುಗಳು ಗಲ್ಲಿಗೇರಿದರು. ಆಯುಧವೆಂದರೆ ಅವರಿಗೆ ಅನ್ನವೂ ಮಾನವೂ ಆಗಿತ್ತು.

ಬಲೆ, ಉರುಲುಗಳಲ್ಲೇ ಬದುಕಿದ ಹರಣಶಿಕಾರಿಗಳ ಕಥೆ ಇನ್ನೂ ಕಹಿ. 1871ರಲ್ಲಿ ಬಂದ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇಂಥ ಅನೇಕ ಅಲೆಮಾರಿ ಜನರಿಗೆ ಹುಟ್ಟಿನಿಂದಲೇ ಕಳ್ಳರೆಂಬ ಹಣೆಪಟ್ಟಿ ಹಚ್ಚಿತು. ಆ ಕಾಯ್ದೆ ರದ್ದಾದದ್ದು 1952ರಲ್ಲಿ. ಇಪ್ಪತ್ತು ವರ್ಷ ಕಳೆಯುವುದರಲ್ಲಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಮೊದಲು ಪರವಾನಗಿ ಪಡೆದು ಸಣ್ಣ ಬೇಟೆಯಾಡಲು ಅವಕಾಶವಿತ್ತು. 1991ರ ತಿದ್ದುಪಡಿ ಆ ಬಾಗಿಲನ್ನೂ ಮುಚ್ಚಿತು. 2022ರಲ್ಲಿ ಅನುಸೂಚಿಗಳನ್ನು ಹೊಸದಾಗಿ ಜೋಡಿಸಿದಾಗಲೂ ನಿಷೇಧ ಉಳಿಯಿತು. ಗುಂಡು ಹಾರಿಸುವುದಷ್ಟೇ ಬೇಟೆಯಲ್ಲ. ಬಲೆಯಲ್ಲಿ ಹಿಡಿಯುವುದು, ಅದಕ್ಕೆ ಪ್ರಯತ್ನಿಸುವುದು, ಗೂಡು ಕೆಡಿಸುವುದು, ಮೊಟ್ಟೆ ಮುಟ್ಟುವುದು ಎಲ್ಲವೂ ಕಾನೂನಿನ ಕಣ್ಣಿನಲ್ಲಿ ಬೇಟೆಯೇ.

ಕಾನೂನು ಸರಿಯಾದದ್ದೇ. ಬೆಳವ ಒಮ್ಮೆಗೆ ಇಡುವುದು ಎರಡೇ ಮೊಟ್ಟೆ. ಮರಿಗಳಿಗೆ ಮೊದಲ ದಿನಗಳಲ್ಲಿ ತಂದೆ, ತಾಯಿ ಇಬ್ಬರೂ ಗಂಟಲಚೀಲದಲ್ಲಿ ಸ್ರವಿಸುವ ಹಾಲೇ ಆಹಾರ. ದೊಡ್ಡ ಹಕ್ಕಿ ಸತ್ತರೆ ಗೂಡಿನ ಮರಿಗಳೂ ಉಳಿಯುವುದು ಕಷ್ಟ. ಅಮೆರಿಕದಲ್ಲಿ ಇಂದಿಗೂ ಬೆಳವದ ಬೇಟೆಗೆ ಋತುವಿದೆ. ಹಲವು ರಾಜ್ಯಗಳಲ್ಲಿ ಅದು ಸೆಪ್ಟೆಂಬರ್ 1ಕ್ಕೆ ತೆರೆಯುತ್ತದೆ. ದಿನಕ್ಕೆ ಇಷ್ಟೇ ಹಕ್ಕಿ ಎಂಬ ಮಿತಿಯಿದೆ. ಕಾಳು ಚೆಲ್ಲಿ ಹಕ್ಕಿಯನ್ನು ಸೆಳೆದು ಹೊಡೆಯುವುದು ಅಲ್ಲೂ ಅಪರಾಧ. ಈ ಕಟ್ಟುಪಾಡಿನ ಹಿಂದೆ ಒಂದು ಪಾಠವಿದೆ. ಶತಕೋಟಿಗಳ ಲೆಕ್ಕದಲ್ಲಿ ಹಾರುತ್ತಿದ್ದ ವಲಸೆ ಪಾರಿವಾಳದ ಕಟ್ಟಕಡೆಯ ಹಕ್ಕಿ ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತದ್ದೂ 1914ರ ಸೆಪ್ಟೆಂಬರ್ 1ರಂದೇ. ಹೇರಳವಾಗಿದೆ ಎಂಬುದು ಯಾವ ಜೀವಿಗೂ ರಕ್ಷಣೆಯಲ್ಲ.

ಹಕ್ಕಿಯನ್ನು ಉಳಿಸಿದ ಕಾನೂನು ಹಕ್ಕಿಯನ್ನು ಬಲ್ಲವನ ಕಡೆ ಮಾತ್ರ ನೋಡಲಿಲ್ಲ. ಯಾವ ಗಾಳಿಗೆ ಹಿಂಡು ಯಾವ ದಂಡೆಗೆ ಇಳಿಯುತ್ತದೆ, ಯಾವ ಕೂಗು ಗೂಡಿನದು, ಯಾವುದು ಎಚ್ಚರಿಕೆಯದು ಎಂದು ಓದಬಲ್ಲ ಕಣ್ಣು, ಕಿವಿ ಶಾಲೆಯಲ್ಲಿ ಸಿಗುವಂಥವಲ್ಲ. ಮುಧೋಳ, ಬೀಳಗಿ ತಾಲ್ಲೂಕುಗಳ ನಡುವಿನ ಯಡಹಳ್ಳಿ ಇಂದು ಚಿಂಕಾರ ವನ್ಯಧಾಮ. ಇಂಥ ಕಡೆ ದಾರಿ ತೋರುವ, ಕಾವಲು ಕಾಯುವ ಕೆಲಸಕ್ಕೆ ಬೇಟೆಯ ಮನೆತನಗಳ ಮಕ್ಕಳಿಗಿಂತ ಅರ್ಹರನ್ನು ಹುಡುಕುವುದು ಕಷ್ಟ. ಆ ತಿಳಿವಳಿಕೆ ಮುದುಕರ ಜೊತೆಗೇ ಮಣ್ಣಾಗುವ ಮುನ್ನ ಅದಕ್ಕೆ ಕೂಲಿ ಕೊಡುವ ದಾರಿ ಆಗಬೇಕು.

ಇಂದಿನ ಅಪಾಯ ಬಲೆಯದಷ್ಟೇ ಅಲ್ಲ. ಕೀಟನಾಶಕ ಸವರಿದ ಬಿತ್ತನೆ ಬೀಜ ಹೊಲದ ಮೂಲೆಯಲ್ಲಿ ಚೆಲ್ಲಿ ಉಳಿದರೆ ಅದನ್ನು ಮೊದಲು ಹೆಕ್ಕುವುದು ಬೆಳವ. ಚೆಲ್ಲಿದ್ದನ್ನು ಮಣ್ಣು ಮುಚ್ಚಿದರೆ ಸಾಕು. ಡಾಂಬರು ರಸ್ತೆಯೇ ಕಣವಾದ ಮೇಲೆ ಕಾಳಿಗೆ ಬಂದ ಹಕ್ಕಿ ಗಾಲಿಗೆ ಸಿಗುವುದೂ ಉಂಟು.

ಹೊರಡುವವರಿಗೆ

ಗದಗ–ಸೊಲ್ಲಾಪುರ ಮಾರ್ಗದಲ್ಲಿ ಬಾದಾಮಿ, ಬಾಗಲಕೋಟೆ ಎರಡೂ ರೈಲು ನಿಲ್ದಾಣಗಳು. ಬಾದಾಮಿ ನಿಲ್ದಾಣದಿಂದ ಊರು ಸುಮಾರು 5 ಕಿ.ಮೀ. ಹುನಗುಂದ, ಇಳಕಲ್‌ಗೆ ಬಸ್ಸುಗಳಿವೆ. ಮಣ್ಣಿನ ಬಣ್ಣದ ಬಟ್ಟೆ, ಒಂದು ಸಾಧಾರಣ ದುರ್ಬೀನು, ನೀರಿನ ಬಾಟಲಿ, ಟಿಪ್ಪಣಿ ಪುಸ್ತಕ ಇಷ್ಟು ಸಿದ್ಧತೆ ಸಾಕು. ಹಿಂದಿನ ಸಂಜೆಯೇ ದಂಡೆ ನೋಡಿಟ್ಟುಕೊಂಡು, ಹೊಲದವರ ಒಪ್ಪಿಗೆ ಕೇಳಿ, ನಸುಕಿನಲ್ಲಿ ಬಿಸಿಲಿಗೆ ಬೆನ್ನು ಮಾಡಿ ಪೊದೆಯ ಮರೆಯಲ್ಲಿ ಕೂಡಬೇಕು. ಮೊದಲ ಹಕ್ಕಿ ಬಂದು ನೀರು ಮುಟ್ಟಿ ಹೋಗುವವರೆಗೆ ಅಲುಗಾಡಬಾರದು. ಅದು ಸುರಕ್ಷಿತವಾಗಿ ಮರಳಿದರೆ ಉಳಿದವು ಹಿಂಬಾಲಿಸುತ್ತವೆ. ಜಾಲಿಯ ಕಂಟಿಯಲ್ಲಿ ನಾಲ್ಕು ಕಡ್ಡಿಯ ಗೂಡು ಕಂಡರೆ ಚಿತ್ರ ತೆಗೆಯಲು ಟೊಂಗೆ ಬಗ್ಗಿಸದೆ ದೂರದಿಂದಲೇ ಹಾದುಹೋಗಬೇಕು.