ಹಳದಿ ಲೈನಿನ ಮದುವೆ ಪೇಟೆ

ದೆಹಲಿಯಲ್ಲಿ ಕನ್ನಡದ ಮದುವೆ ಮಾಡುವವರಿಗೆ ಮೆಟ್ರೋದ ಹಳದಿ ಲೈನ್ ದೊಡ್ಡ ಆಸರೆ. ತಂಗಿಯ ಮದುವೆಗೆ ನಾಲ್ಕೇ ದಿನ ಉಳಿದಿದ್ದಾಗ ಅಮ್ಮನನ್ನು ಕರೆದುಕೊಂಡು ಗುರುಗ್ರಾಮದಲ್ಲಿ ಅದೇ ರೈಲು ಹತ್ತಿದೆ. ದಾರಿಯಲ್ಲಿ ಐಎನ್‌ಎ ಮಾರ್ಕೆಟ್‌ನಲ್ಲಿ ಇಳಿದು ಬಾಳೆಎಲೆ, ತೆಂಗಿನಕಾಯಿಗೆ ಮುಂಗಡ ಕೊಟ್ಟೆವು.

ಆಮೇಲೆ ಚಾಂದನಿ ಚೌಕ. ಷಹಜಹಾನನ ಮಗಳು ಜಹನಾರಾ 1650ರಲ್ಲಿ ಕಟ್ಟಿಸಿದ ಈ ಪೇಟೆಯಲ್ಲಿ ಒಂದೊಂದು ಗಲ್ಲಿಗೆ ಒಂದೊಂದು ಸರಕು. ಖಾರಿ ಬಾವೋಲಿಯ ಮೆಣಸಿನಕಾಯಿ ಘಾಟಿಗೆ ಸೀನುತ್ತಲೇ ಅಮ್ಮ ಅರಿಸಿನದ ಕೊಂಬು, ಅಡಿಕೆ ಆರಿಸಿದಳು. ದರೀಬಾ ಕಲಾನ್‌ನಲ್ಲಿ ಬೆಳ್ಳಿ ಕಾಲುಂಗುರ ಸಿಕ್ಕಿತು.

ಉಳಿದದ್ದು ಬಾಸಿಂಗ. ಪಕ್ಕದ ಕಿನಾರಿ ಬಜಾರಿನ ತುಂಬ ಜರಿ ಅಂಚು, ಗೋಟಾ, ಮುತ್ತಿನ ಸರ. ಮದುಮಗನ ಹಣೆಗೆ ಕಟ್ಟುವುದು ಬೇಕೆಂದರೆ ಎಲ್ಲ ಅಂಗಡಿಯವರೂ ತೋರಿಸಿದ್ದು ಮುಖದ ಮೇಲೆ ಇಳಿಬೀಳುವ ಸೆಹರಾ.

"ಹುಡುಗ ಪಂಜಾಬಿ. ಅವರೇ ಸೆಹರಾ ತರ್ತಾರೆ, ಬಾಸಿಂಗ ಬಿಡೋಣಮ್ಮ" ಎಂದೆ.

"ಊಟ ಅವರದು, ಬ್ಯಾಂಡು ಅವರದು. ನಮ್ಮ ಕಡೇದು ಅಂತ ಒಂದಾದ್ರೂ ಬೇಡ್ವೇನೋ?"

ಮದುವೆ ಗೊತ್ತಾದಾಗಿನಿಂದ ಅಮ್ಮ ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ. ಎರಡು ಗಜ ಗೋಟಾ, ಬಂಗಾರದ ಬಣ್ಣದ ರಟ್ಟು, ಬಿಳಿ ಮಣಿ ಕೊಂಡೆವು. ಬಾಸಿಂಗ ತಾನೇ ಮಾಡುವುದೆಂದು ಅಮ್ಮ ನಿರ್ಧರಿಸಿಯಾಗಿತ್ತು.

ವಾಪಸು ರೈಲಿನಲ್ಲಿ ಸೀಟು ಸಿಕ್ಕ ತಕ್ಷಣ ಚೀಲ ಬಿಚ್ಚಿ ಮಣಿ ಎಣಿಸಿದಳು. "ಫೋನ್ ಮಾಡಿ ಅಳಿಯನ ಹಣೆ ಎಷ್ಟು ಅಗಲ ಕೇಳು" ಎಂದಳು. ಅಲ್ಲಿಯವರೆಗೆ ಅವನು ಅವಳಿಗೆ 'ಆ ಹುಡುಗ' ಆಗಿದ್ದ.