ಗುಂಡಿ ಒತ್ತಿದರಾಯಿತೆ?

1981ರ ಐಬಿಎಂ ಪಿಸಿಯ ಬಲಮಗ್ಗುಲಲ್ಲಿ, ಹಿಂಬದಿಗೆ ಹತ್ತಿರವಾಗಿ, ಒಂದು ದೊಡ್ಡ ಕೆಂಪು ಸ್ವಿಚ್ ಇತ್ತು. ಎತ್ತಿದರೆ ಕರೆಂಟು ಬಂತು, ಇಳಿಸಿದರೆ ಹೋಯಿತು, ನಡುವೆ ಮಾತುಕತೆಯಿಲ್ಲ.

ನಾನು ಕಂಪ್ಯೂಟರ್ ಮುಟ್ಟಿದ್ದು ತೊಂಬತ್ತರ ದಶಕದಲ್ಲಿ, ಚಪ್ಪಲಿ ಹೊರಗೆ ಬಿಟ್ಟು ಒಳಹೋಗಬೇಕಾಗಿದ್ದ ಒಂದು ತರಬೇತಿ ಕೇಂದ್ರದಲ್ಲಿ. ಅಲ್ಲಿದ್ದವು 1984ರ ಪಿಸಿ ಎಟಿಯ ವಂಶದವು. ಗುಂಡಿ ಮುಂದಕ್ಕೆ ಬಂದಿತ್ತು, ಆದರೆ ಗುಣ ಹಳೆಯದೇ. 230 ವೋಲ್ಟಿನ ದಪ್ಪ ಕೇಬಲ್ಲು ಡಬ್ಬಿಯೊಳಗೆ ಹಾದು ನೇರವಾಗಿ ಆ ಗುಂಡಿಯ ಬೆನ್ನಿಗೇ ಬಂದು ನಿಲ್ಲುತ್ತಿತ್ತು. ಒತ್ತಿದಾಗ ಬರುವ 'ಟಕ್' ಪಕ್ಕದ ಕೋಣೆಗೂ ಕೇಳಿಸುತ್ತಿತ್ತು. ವಿಂಡೋಸ್ 95 ಬಂದ ಮೇಲೆ ಕೆಲಸ ಮುಗಿಸಿದರೆ, ಇನ್ನು ಆರಿಸಿದರೆ ಅಪಾಯವಿಲ್ಲ ಎಂದು ಕಪ್ಪು ಪರದೆಯ ಮೇಲೆ ಕಿತ್ತಳೆ ಅಕ್ಷರಗಳು ಮೂಡುತ್ತಿದ್ದವು. ಆರಿಸುವವರು ನಾವೇ.

ಅದೇ 1995ರಲ್ಲಿ ಇಂಟೆಲ್ ಎಟಿಎಕ್ಸ್ ಎಂಬ ಹೊಸ ಪದ್ಧತಿ ತಂದಿತು, ಗುಂಡಿಯ ಅಧಿಕಾರ ಹೋಯಿತು. ಈಗ ಅದನ್ನು ಒತ್ತುವುದೆಂದರೆ ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟ ಹಾಗೆ. ಕರೆಂಟು ಪೂರೈಸುವ ಡಬ್ಬಿ, ಅಂದರೆ ಎಸ್‌ಎಂಪಿಎಸ್, ನೇರಳೆ ತಂತಿಯಲ್ಲಿ ಸದಾ 5 ವೋಲ್ಟ್ ಕಳಿಸುತ್ತಾ ಅರೆನಿದ್ದೆಯಲ್ಲಿರುತ್ತದೆ. ಗುಂಡಿ ಮದರ್‌ಬೋರ್ಡಿನ ಎರಡು ಪಿನ್ನುಗಳನ್ನು ಒಂದು ಕ್ಷಣ ಕೂಡಿಸುತ್ತದೆ, ಅಷ್ಟೆ. ಬೋರ್ಡು ಒಪ್ಪಿದರೆ ಹಸಿರು ತಂತಿಯನ್ನು ಗ್ರೌಂಡಿಗೆ ಎಳೆಯುತ್ತದೆ. ಆಗ ಎಸ್‌ಎಂಪಿಎಸ್ ಏಳುತ್ತದೆ. ವೋಲ್ಟೇಜುಗಳೆಲ್ಲ ಸರಿಹೋದ ಮೇಲೆ ಅದು ಬೂದು ತಂತಿಯಲ್ಲಿ 'ಸರಿ' ಎಂದು ತಿಳಿಸಬೇಕು. ಅಲ್ಲಿಯವರೆಗೆ ಪ್ರೊಸೆಸರ್ ಒಂದು ಹೆಜ್ಜೆಯೂ ಇಡುವಂತಿಲ್ಲ. ಇಷ್ಟೆಲ್ಲ ಒಂದು ಸೆಕೆಂಡಿನೊಳಗೆ ನಡೆಯುವುದರಿಂದ ನಮಗೆ ಗುಂಡಿಯೇ ದೊರೆಯೆಂಬ ಭ್ರಮೆ ಉಳಿದಿದೆ.

ನನ್ನ ಭ್ರಮೆ ಕಳಚಿದ್ದು ಬೆಂಗಳೂರಿನ ಎಸ್‌ಪಿ ರೋಡಿನಿಂದ ಹೊಸ ಮದರ್‌ಬೋರ್ಡು, ಪ್ರೊಸೆಸರ್, ರ‍್ಯಾಮ್ ತಂದು ಹಳೆಯ ಕ್ಯಾಬಿನೆಟ್ಟಿನಲ್ಲಿ ಕೂರಿಸಿದ ಸಂಜೆ. ಒತ್ತಿದರೆ ಫ್ಯಾನು ಕೂಡ ಮಿಸುಕಲಿಲ್ಲ. ಬೋರ್ಡಿನ ಮೇಲಿನ ಪುಟ್ಟ ದೀಪವೊಂದು ಮಾತ್ರ ಉರಿಯುತ್ತಿತ್ತು, ಅಂದರೆ ನೇರಳೆ ತಂತಿ ಜೀವಂತ. 24 ಪಿನ್ನಿನ ಕನೆಕ್ಟರ್ ಕುಳಿತಿತ್ತು. ಪ್ರೊಸೆಸರಿಗೆ ಬೇರೆಯಾಗಿ ಹೋಗುವ 8 ಪಿನ್ನಿನದೂ ಕುಳಿತಿತ್ತು (ಬಹಳ ಮಂದಿ ಮರೆಯುವುದು ಇದನ್ನೇ). ಬೋರ್ಡಿನ ಕೆಳಗೆ ಹೆಚ್ಚುವರಿ ಹಿತ್ತಾಳೆ ಕಾಲು ತಗಲಿ ಶಾರ್ಟ್ ಆಗಿದೆಯೇನೋ ಎಂದು ಬಿಚ್ಚಿಯೂ ನೋಡಿದೆ. ಎಸ್‌ಎಂಪಿಎಸ್ಸನ್ನು ಬೋರ್ಡಿನಿಂದ ಬೇರ್ಪಡಿಸಿ, ಪ್ಲಗ್ ಕಿತ್ತು, ಹಸಿರು ತಂತಿಯ ತೂತಿಗೂ ಕಪ್ಪು ತಂತಿಯ ತೂತಿಗೂ ಪೇಪರ್ ಕ್ಲಿಪ್ ಬಗ್ಗಿಸಿ ಸಿಕ್ಕಿಸಿ, ಮತ್ತೆ ಪ್ಲಗ್ ಹಾಕಿದರೆ ಅದರ ಫ್ಯಾನು ಗಿರ್ರೆಂದು ತಿರುಗಿತು. ಅದೂ ನಿರಪರಾಧಿ.

ಅಷ್ಟರಲ್ಲಿ ಅಂಗಡಿಯವನು ಫೋನಿನಲ್ಲಿ "ಬೋರ್ಡೇ ಹೋಗಿರುತ್ತೆ ಸಾರ್, ತಗೊಂಡು ಬನ್ನಿ" ಎಂದಿದ್ದ. ಹೊಸದನ್ನು ಸತ್ತಿದೆ ಎಂದು ಹೇಳಲು ಜನರಿಗೆ ಅದೆಷ್ಟು ಅವಸರ! ಎಲ್ಲ ಮತ್ತೆ ಜೋಡಿಸಿ, ಗುಂಡಿಯ ವೈರು ಕಿತ್ತು, ಆ ಎರಡು ಪಿನ್ನುಗಳಿಗೆ ಸ್ಕ್ರೂಡ್ರೈವರಿನ ತುದಿ ತಾಗಿಸಿದೆ. ಪರದೆ ಬೆಳಗಿತು.

ಕೆಟ್ಟದ್ದು ಗುಂಡಿಯ ವೈರು, ಹೊದಿಕೆಯೊಳಗೇ ತುಂಡಾಗಿತ್ತು. ಸಾವಿರಾರು ರೂಪಾಯಿಯ ಸಾಮಾನಿಗೆಲ್ಲ ಅನುಮಾನದ ಕಣ್ಣು, ಎರಡು ಎಳೆ ತಂತಿಗೆ ಗೌರವ. ಬೆಸುಗೆ ಹಾಕಿಸುವ ತಾಳ್ಮೆಯಿರಲಿಲ್ಲ. ಪಕ್ಕದ ರಿಸೆಟ್ ಗುಂಡಿಯೂ ಅದೇ ಜಾತಿಯದು, ಒತ್ತಿದಷ್ಟು ಹೊತ್ತು ಕೂಡಿಸಿ ಬಿಡುವಂಥದ್ದು. ಅದರ ವೈರನ್ನೇ ತಂದು ಪವರ್ ಪಿನ್ನಿಗೆ ಸಿಕ್ಕಿಸಿದೆ. ಈಗ ನಮ್ಮ ಕಂಪ್ಯೂಟರ್ ಏಳುವುದು ಕಡಲೆಕಾಳಿನಷ್ಟು ಚಿಕ್ಕ ರಿಸೆಟ್ಟಿನಿಂದ. ದೊಡ್ಡ ಗುಂಡಿಯನ್ನು ನೆಂಟರ ಮಕ್ಕಳು ಬಂದಾಗ ಎಷ್ಟು ಬೇಕಾದರೂ ಒತ್ತಬಹುದು.