ಶೇಂಗಾ ಸೇರಿಗೆಷ್ಟು, ಕಿಲೋಗೆಷ್ಟು?

ನಮ್ಮ ಕಡೆ ಸೇರು ಎಂಬ ಮಾತಿಗೆ ಎರಡು ಅರ್ಥ. ಒಂದು ತಕ್ಕಡಿಯ ಸೇರು, 80 ತೊಲ, ಅಂದರೆ ಸುಮಾರು 933 ಗ್ರಾಂ. 1956ರ ತೂಕ ಮತ್ತು ಅಳತೆಗಳ ಕಾಯಿದೆ ಬಂದು ಕಿಲೋ ಅದರ ಜಾಗವನ್ನು ಹಿಡಿಯಿತು. ಇನ್ನೊಂದು, ಕಾಳು ಅಳೆಯುವ ಡಬ್ಬಿಯ ಸೇರು. ಇದು ಊರಿಂದೂರಿಗೆ ಬೇರೆ. ಕಾಯಿದೆ ಬಂದರೂ ಅಡಿಗೆಮನೆಯಿಂದ ಹೊರಗೆ ಹೋಗಲಿಲ್ಲ!

ಇದರಿಂದ ನಷ್ಟವೂ ಆಗುತ್ತದೆ. ಜಹೀರಾಬಾದಿನ ಬಳಿ ಪಸ್ತಾಪುರದ ಕಡೆ ನಮಗೆ ಪರಿಚಯದ ಒಬ್ಬ ತಾಯಿ ಮದುವೆ ಮನೆಗಳಿಗೆ ಶೇಂಗಾ ಉಂಡೆ ಕಟ್ಟಿಕೊಟ್ಟು ಸಂಸಾರ ನಡೆಸುತ್ತಾರೆ. ಐದು ಸೇರು ಶೇಂಗಾಕ್ಕೆ ಮೂರು ಸೇರು ಪುಡಿಬೆಲ್ಲ, ಇದು ಅವರ ಅವ್ವ ಕಲಿಸಿದ ಲೆಕ್ಕ. ಒಮ್ಮೆ ಎಂಟು ಕಿಲೋ ಉಂಡೆಗೆ ಒಪ್ಪಿಕೊಂಡರು. ಮನೆಯ ಶೇಂಗಾವನ್ನು ಡಬ್ಬಿಯಲ್ಲಿ ಐದು ಸೇರು ಅಳೆದರು, ಬೆಲ್ಲವನ್ನು ಅಂಗಡಿಯಿಂದ ಮೂರು ಕಿಲೋ ತಂದರು. ಅವರ ಡಬ್ಬಿ ಒಂದು ಲೀಟರಿನದು. ಅದರಲ್ಲಿ ಹಿಡಿಯುವ ಕಾಳು 600 ಗ್ರಾಂಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಶೇಂಗಾ ಮೂರು ಕಿಲೋ, ಬೆಲ್ಲವೂ ಮೂರು ಕಿಲೋ! ಉಂಡೆ ಕೈಗೆ ಅಂಟುವಷ್ಟು ಸಿಹಿಯಾಯಿತು, ತೂಕ ಎರಡು ಕಿಲೋ ಕಡಿಮೆ ಬಂತು. ಬಾಕಿ ಹಣ ಅವರ ಕೈಸೇರಲಿಲ್ಲ. ಬೆಲ್ಲ ತಂದದ್ದು ಸಾಲದಲ್ಲಿ.

ಪಸ್ತಾಪುರವೆಂದರೆ ಅನೇಕರಿಗೆ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ನೆನಪಾಗುತ್ತದೆ. ಅದನ್ನು ಕಟ್ಟಿ ಬೆಳೆಸಿ 2023ರಲ್ಲಿ ತೀರಿಕೊಂಡ ಪಿ.ವಿ. ಸತೀಶ್ ಮೈಸೂರಿನವರು. ಅಲ್ಲಿನ ಸಂಘಗಳ ಹೆಣ್ಣುಮಕ್ಕಳು ಬುಟ್ಟಿಗಳಲ್ಲಿ ಬೀಜ ಕಾದಿಟ್ಟು, ಬೇಕಾದವರಿಗೆ ಕೊಟ್ಟು, ಸುಗ್ಗಿಯ ಮೇಲೆ ಹೆಚ್ಚಿಸಿ ಮರಳಿ ಪಡೆಯುತ್ತಾರೆ. ಇಂಥ ಕೊಡುಕೊಳ್ಳುವಿಕೆಯಲ್ಲಿ ಕೊಟ್ಟದ್ದನ್ನೂ ಪಡೆದದ್ದನ್ನೂ ಒಂದೇ ಡಬ್ಬಿಯಲ್ಲಿ ಅಳೆದರೆ ಗ್ರಾಂ ಬೇಕಿಲ್ಲ. ಅಡಿಗೆಯೂ ಹಾಗೆಯೇ. ಎಲ್ಲವನ್ನೂ ಒಂದೇ ಲೋಟದಲ್ಲಿ ಅಳೆದವರಿಗೆ ತೊಂದರೆಯಿಲ್ಲ. ಅರ್ಧ ಲೋಟ, ಅರ್ಧ ತಕ್ಕಡಿ ಎಂದಾಗಲೇ ಎಡವಟ್ಟು.

ಹೊರದೇಶದ ಪುಸ್ತಕಗಳ 'ಕಪ್' ಸುಮಾರು 240 ಮಿಲಿಲೀಟರ್. ಅದರಲ್ಲಿ ಹಸಿ ಶೇಂಗಾ ಸುಮಾರು 145 ಗ್ರಾಂ, ಇಡೀ ಬಾದಾಮಿಯೂ ಹೆಚ್ಚುಕಡಿಮೆ ಅಷ್ಟೇ. ಬಾದಾಮಿ ಪುಡಿಯಾದರೆ 95 ಗ್ರಾಂ ಮಾತ್ರ, ಏಕೆಂದರೆ ಪುಡಿ ಗಾಳಿ ತುಂಬಿಕೊಂಡು ಉಬ್ಬುತ್ತದೆ. ಅಕ್ರೋಟು ಇದಕ್ಕೆ ತದ್ವಿರುದ್ಧ: ಹೋಳುಗಳು 100 ಗ್ರಾಂ, ಕತ್ತರಿಸಿದರೆ 117. ಚೂರುಗಳು ಸಂದು ಬಿಡದೆ ಕೂಡುತ್ತವೆ. ಆದ್ದರಿಂದ 'ಒಂದು ಕಪ್ ಬಾದಾಮಿ ಪುಡಿ' ಎಂದಿದ್ದರೆ ಪುಡಿ ಮಾಡಿದ ಮೇಲೆ ಅಳೆಯಬೇಕು, ಮೊದಲಲ್ಲ.

ಈ ಅಂಕಿಗಳನ್ನು ಬಾಯಿಪಾಠ ಮಾಡಬೇಕಿಲ್ಲ. ನಿಮ್ಮ ಮನೆಯ ಲೋಟವನ್ನು ಅಂಗಡಿಗೆ ಒಯ್ಯಿರಿ. ಬರಿದು ಲೋಟ ತೂಗಿಸಿ, ಬಳಿಕ ಶೇಂಗಾ ತುಂಬಿ, ಅಂಚಿಗೆ ಸಮನಾಗಿ ಕೈಯಿಂದ ಸವರಿ ಮತ್ತೆ ತೂಗಿಸಿ. ಮೊದಲನೆಯದನ್ನು ಕಳೆದರೆ ನಿಮ್ಮ ಲೋಟದ ಲೆಕ್ಕ ಸಿಕ್ಕಿತು. (ಲೂಕನ ಶುಭಸಂದೇಶದ ತುಳುಕುವ ಅಳತೆ ದಾನಕ್ಕೆ ಚೆಂದ, ಪಾಕಕ್ಕಲ್ಲ.) ಬೆಲ್ಲ, ಕೊಬ್ಬರಿ, ಗೋಡಂಬಿಗೂ ಹೀಗೆಯೇ ತೂಗಿಸಿ ಅಡಿಗೆಮನೆಯ ಕಪಾಟಿನ ಒಳಬಾಗಿಲಿಗೆ ಬರೆದು ಅಂಟಿಸಿ. ಲೋಟ ಬದಲಾದ ದಿನ ಆ ಚೀಟಿಯನ್ನೂ ಬದಲಿಸಿ.